ಪದ ಪರಿಚಯ: ಪಾರ್ಕಿನ್ಸನ್ ವಾರ್ಡಿನ ‘ಆಫ್’

ಪಾರ್ಕಿನ್ಸನ್ ಇರುವವರ ಮನೆಯಲ್ಲಿ ‘ಆಫ್’ ಅನ್ನುವ ಪದ ದಿನಾ ಓಡಾಡುತ್ತದೆ. ಆಸ್ಪತ್ರೆಯಲ್ಲೂ ಓಡಾಡುತ್ತದೆ. ಇಬ್ಬರೂ ಹೇಳುತ್ತಿರೋದು ಒಂದೇ ಅಂತ ಇಬ್ಬರೂ ನಂಬಿಕೊಂಡಿರುತ್ತಾರೆ. ತಲೆನೋವು ಶುರುವಾಗೋದೇ ಅಲ್ಲಿ.

ಕೋಲಾರದ ಕಡೆಯವರು ನಾವು, ಹಕಾರ ನುಂಗೋದು ಅಭ್ಯಾಸ. ಹಾಫ್ ಟಿಕೆಟ್ ನಮಗೆ ಆಫ್ ಟಿಕೆಟ್. ಹಾಫ್ ಬಾಯಿಲ್ ಆಫ್ ಬಾಯಿಲ್. ಗಾಡಿ ಬೋರ್ಡಿನ ಮೇಲೂ ಹಾಗೇ ಬರೆದಿರುತ್ತಾರೆ. ಇರಲಿ ಬಿಡಿ, ಮೊಟ್ಟೆಗೆ ಅದರಿಂದ ನಷ್ಟವಿಲ್ಲ. ಆದರೆ ‘ಸಿಂಡೋಪಾ, 12 ಗಂಟೆ, ಆಫ್’ ಅಂತ ಒಂದು ಚೀಟಿ ಇದೆ ಅಂದುಕೊಳ್ಳಿ. ಸಿಂಡೋಪಾ ಅಂದರೆ ಪಾರ್ಕಿನ್ಸನ್ನಿಗೆ ಕೊಡುವ ಮಾತ್ರೆ. ಏನರ್ಥ? 12 ಗಂಟೆಗೆ ಅರ್ಧ ಮಾತ್ರೆ ಕೊಡಬೇಕಾ? 12 ಗಂಟೆ ಮಾತ್ರೆ ನಿಲ್ಲಿಸಿದ್ದಾರಾ? ಅಥವಾ ಆ ಹೊತ್ತಿಗೆ ಮಾತ್ರೆಯ ಪರಿಣಾಮ ಇಳಿದು ಮೈ ಬಿಗಿಯುತ್ತೆ ಅಂತಲಾ? (ಡಾಕ್ಟರುಗಳು ‘ಆಫ್’ ಅನ್ನೋದು ಇದಕ್ಕೇ.) ಮೂರೂ ಆಗಬಹುದು. ಈ ಕಾಯಿಲೆಯಲ್ಲಿ ಮಾತ್ರೆ ಮುರಿದು ಅರ್ಧ ಕೊಡೋದು ಮಾಮೂಲಿ, ಹಾಗಾಗಿ ಯಾವ ಅರ್ಥವೂ ಅಸಂಬದ್ಧ ಅನ್ನಿಸಲ್ಲ.

ನಮ್ಮ ನೆಂಟರೊಬ್ಬರು ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಅಡ್ಮಿಟ್ ಆದಾಗ ಮನೆಯವರು ಇಂಥದ್ದೇ ಚೀಟಿ ಕೊಟ್ಟಿದ್ದರು. ಅವರ ಲೆಕ್ಕದಲ್ಲಿ ಅದು ಅರ್ಧ ಮಾತ್ರೆ. ನರ್ಸ್ ಓದಿದ್ದು ನಿಲ್ಲಿಸಿದ ಮಾತ್ರೆ ಅಂತ. ಸಂಜೆ ಹೊತ್ತಿಗೆ ಅವರನ್ನು ಮಗ್ಗುಲು ಹೊರಳಿಸೋಕೆ ಇಬ್ಬರು ಬೇಕಾಯಿತು. ಬೈಗುಳ ಎಲ್ಲ ನರ್ಸಿಗೆ. ಆ ಚೀಟಿ ನನ್ನ ಕೈಗೆ ಕೊಟ್ಟಿದ್ದರೆ ನಾನೂ ಹಾಗೇ ಓದುತ್ತಿದ್ದೆ. (ನಾಲ್ಕನೇ ಅರ್ಥವೂ ಒಂದಿದೆ. ‘ಅಪ್ಪ ಆಫ್ ಆಗಿದ್ದಾರೆ’ ಅಂತ ಫೋನಲ್ಲಿ ಹೇಳಿ ನೋಡಿ, ಮಾಲೂರಿನ ನೆಂಟರು ಹೂವಿನ ಹಾರ ಹಿಡಿದೇ ಬರುತ್ತಾರೆ.)

ಪದದ ಮೂಲ ನೋಡಿದರೆ ಹಾಫ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಇಂಗ್ಲಿಷಿನಲ್ಲಿ ‘ಆಫ್’ (off) ಮತ್ತು ‘ಆವ್’ (of) ಎರಡೂ ಒಂದೇ ಹಳೆಯ ಪದದಿಂದ ಒಡೆದವು. ಒತ್ತಿ ಹೇಳಿದ್ದು ‘ಆಫ್’ ಆಯಿತು. ಅರ್ಥ: ದೂರ, ಕಳಚಿಕೊಂಡು. ಕರೆಂಟ್ ಸ್ವಿಚ್ಚಿಗೆ ಈ ಪದ ಅಂಟಿದ್ದು ಬಹಳ ಆಮೇಲೆ. ಡಾಕ್ಟರುಗಳು ಹೇಳುವ ‘ವೇರಿಂಗ್ ಆಫ್’ನಲ್ಲಿ ಇರೋದು ಹಳೆಯ ಅರ್ಥವೇ. ಕಳಚಿಹೋಗೋದು ಮಾತ್ರೆಯ ಪರಿಣಾಮ. ಮನುಷ್ಯ ಅಲ್ಲ, ಅವನ ಬುದ್ಧಿಯೂ ಅಲ್ಲ. ‘ತಾತ ಆಫ್, ಏನು ಕೇಳಿದ್ರೂ ಉತ್ತರ ಕೊಡಲ್ಲ’ ಅನ್ನುತ್ತಾರಲ್ಲ, ತಾತನಿಗೆ ಎಲ್ಲಾ ಕೇಳಿಸುತ್ತಿರುತ್ತದೆ. ಬಾಯಿ ಏಳುತ್ತಿರೋದಿಲ್ಲ, ಅಷ್ಟೇ.

1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಅವರ ಜೊತೆಗಾರರು ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ನಮ್ಮ ಸರ್ಪಗಂಧಿ ಬೇರಿನಲ್ಲಿರುವ ಔಷಧ ಅದು. ಮೊಲಗಳು ಕೂತಲ್ಲೇ ಕೂತವು. ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. ಮೈ ಆಡಿಸೋಕೆ ಮಿದುಳಿಗೆ ಬೇಕಾದ ಡೋಪಮಿನ್ ತಯಾರಾಗೋದು ಈ ಡೋಪಾದಿಂದ. ಅದರ ಪರಿಣಾಮ ಇಳಿದಾಗ ಮತ್ತೆ ಕೂತವು. 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು. ಆ ಕೂತ ಮೊಲ ಇದೆಯಲ್ಲ, ‘ಆಫ್’ ಅಂದರೆ ಅದು.

ಸಿಂಡೋಪಾದಲ್ಲಿ ಇರೋದೂ ಡೋಪಾನೇ, ಲೀವೋಡೋಪಾ ಅನ್ನುತ್ತಾರೆ. ಅದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲೋದಿಲ್ಲ. ಅದು ದಾರಿಯಲ್ಲೇ ಕರಗಿಹೋಗದ ಹಾಗೆ ತಡೆಯುವ ಕಾರ್ಬಿಡೋಪಾ ಜೊತೆಗಿದ್ದರೂ ಒಂದು, ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕಾಯಿಲೆಯ ಮೊದಲ ವರ್ಷಗಳಲ್ಲಿ ಇದು ಗೊತ್ತಾಗಲ್ಲ. ತೋಟದ ತೊಟ್ಟಿ ದೊಡ್ಡದಿದ್ದರೆ ತ್ರೀ ಫೇಸ್ ಹೋದರೂ ನೀರು ಸಿಗುತ್ತೆ, ಅಲ್ವಾ? ಮಿದುಳಿನ ಜೀವಕೋಶಗಳು ಸಾಯುತ್ತಾ ಹೋದ ಹಾಗೆ ತೊಟ್ಟಿ ಚಿಕ್ಕದಾಗುತ್ತದೆ. ಆಮೇಲೆ ಒಂದೊಂದು ಮಾತ್ರೆಗೂ ಗಡಿಯಾರ ನೋಡಬೇಕು. ಮುಂದಿನ ಮಾತ್ರೆಗೆ ಮುಂಚೆ ಮೆಲ್ಲಗೆ ಇಳಿದರೆ ವೇರಿಂಗ್ ಆಫ್. ಹೊತ್ತುಗೊತ್ತಿಲ್ಲದೆ ಪಟಕ್ಕಂತ ಬಂದು ಹೋದರೆ ಆನ್-ಆಫ್. ಇವೆರಡನ್ನೂ ಒಂದೇ ಮಾಡಿ ಹೇಳಿದರೆ ಡಾಕ್ಟರಿಗೆ ಡೋಸ್ ಹೊಂದಿಸೋದು ಕಷ್ಟ.

ಈಗ ವಾರ್ಡಿಗೆ ಬನ್ನಿ. ಮನೆಯಲ್ಲಿ 6, 10, 2, 6 ಅಂತ ನುಂಗುತ್ತಿದ್ದವರ ಚಾರ್ಟಿನಲ್ಲಿ ‘ದಿನಕ್ಕೆ ನಾಲ್ಕು’ ಅಂತ ಮಾತ್ರ ಇರುತ್ತದೆ. ಔಷಧಿ ಟ್ರಾಲಿ ಅದರ ಹೊತ್ತಿಗೇ ಬರುತ್ತದೆ. ಬ್ರಿಟನ್ನಿನಲ್ಲಿ ಅವರವರ ಹೊತ್ತಿಗಿಂತ 30 ನಿಮಿಷ ಆಚೀಚೆ ಆಗಬಾರದು ಅಂತ ಇಟ್ಟುಕೊಂಡಿದ್ದಾರೆ. 2006ರಿಂದ ಅದಕ್ಕಾಗಿಯೇ ಅಭಿಯಾನ ನಡೆಸುತ್ತಿದ್ದಾರೆ. ಇಲ್ಲಿ ‘ಒಂದು ಗಂಟೆ ತಡ ಆದ್ರೆ ಏನಾಗುತ್ತೆ’ ಅನ್ನೋ ಮಾತು ಇನ್ನೂ ಜಾಸ್ತಿ ಕೇಳುತ್ತದೆ. ಬಿಪಿ ಮಾತ್ರೆಗೆ ಆ ಮಾತು ಆಗಬಹುದು. ಇದಕ್ಕೆ ಆಗಲ್ಲ.

ಇನ್ನೊಂದು ವಿಷಚಕ್ರ. ಆಫ್ ಆದವರಿಗೆ ನುಂಗೋದೂ ಕಷ್ಟ. ‘ಬಾಯಿ ತೆಗೀಲಿಲ್ಲ, ಮಾತ್ರೆ ಬೇಡ ಅಂದ್ರು’ ಅಂತ ಚಾರ್ಟಿನಲ್ಲಿ ಗೀಟು ಬೀಳುತ್ತದೆ. ಮಾತ್ರೆ ಇಲ್ಲದ್ದಕ್ಕೆ ಬಾಯಿ ಏಳಲಿಲ್ಲ, ಬಾಯಿ ಏಳದ್ದಕ್ಕೆ ಮಾತ್ರೆ ಇಲ್ಲ. ಆಗ ಡಾಕ್ಟರನ್ನು ಕರೆಸಿ, ಮೂಗಿನ ನಳಿಗೆಯಲ್ಲಿ ಕೊಡೋದಾ ಅಂತ ಕೇಳಬೇಕು. ಸಾಮಾನ್ಯ ಮಾತ್ರೆ ಕರಗಿಸಿ ಕೊಡಬಹುದು. ಸಿಆರ್ ಅಂತ ಬರೆದಿರೋದನ್ನು, ಅಂದರೆ ಔಷಧವನ್ನು ನಿಧಾನಕ್ಕೆ ಬಿಡುವ ಮಾತ್ರೆಯನ್ನು, ಪುಡಿ ಮಾಡಬಾರದು. ಆಪರೇಷನ್‌ಗೆ ‘ಹೊಟ್ಟೆ ಖಾಲಿ ಇರಲಿ’ ಅಂದರೂ ಈ ಮಾತ್ರೆಯ ಬಗ್ಗೆ ಅನಸ್ತೇಷಿಯಾ ಡಾಕ್ಟರನ್ನು ಬೇರೆಯಾಗಿ ಕೇಳಿ. ಒಂದೇ ಸಲ ಪೂರ್ತಿ ನಿಂತರೆ ಮೈ ಬಿಗಿದು, ಜ್ವರ ಏರಿ, ಪ್ರಜ್ಞೆ ತಪ್ಪುವ ಮಟ್ಟಕ್ಕೂ ಹೋಗಬಹುದು. ಜೀವಕ್ಕೇ ಅಪಾಯ.

ಹಾಲಿನ ಸೀಮೆಯವರಾದ ನಮಗೆ ಮಾತ್ರೆ ಜೊತೆ ಒಂದು ಲೋಟ ಹಾಲು ಕೊಡೋದು ಪ್ರೀತಿ. ಹಾಲಿನ ಪ್ರೋಟೀನು, ಹಿತಕಿದ ಬೇಳೆಯ ಪ್ರೋಟೀನು, ಎಲ್ಲವೂ ಕರುಳಿನಲ್ಲಿ ಲೀವೋಡೋಪಾದ ದಾರಿಗೆ ಅಡ್ಡ ಬರುತ್ತವೆ. ಊಟಕ್ಕೆ ಅರ್ಧ ಗಂಟೆ ಮುಂಚೆ, ನೀರಿನ ಜೊತೆ ಕೊಟ್ಟರೆ ಸುಮಾರು ಜನಕ್ಕೆ ಚೆನ್ನಾಗಿ ಹತ್ತುತ್ತದೆ.

ಉಲ್ಟಾ ತಪ್ಪೂ ಇದೆ. ಕುತ್ತಿಗೆ, ಭುಜ ನುಲಿಯುವ ಹಾಗೆ ಮೈ ಓಲಾಡಿದರೆ ‘ನಡುಕ ಜಾಸ್ತಿ, ಆಫ್ ಆಗಿದ್ದಾರೆ’ ಅಂತ ಇನ್ನೊಂದು ಮಾತ್ರೆ ಕೊಡಿಸುತ್ತಾರೆ. ಆ ಓಲಾಟ ಸಾಮಾನ್ಯವಾಗಿ ಔಷಧ ಏರಿದಾಗ, ಅಂದರೆ ಆನ್‌ನಲ್ಲಿ ಬರುವಂಥದ್ದು. ನಡುಕಕ್ಕೆ ಒಂದು ತಾಳ ಇರುತ್ತದೆ, ಈ ನುಲಿತಕ್ಕೆ ಇರಲ್ಲ. ಮೊಬೈಲಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ, ನೀವೇ ಹೆಸರಿಡೋಕೆ ಹೋಗಬೇಡಿ.

ಮಾತ್ರೆ ಸರಿಯಾದ ಹೊತ್ತಿಗೇ ಹೋಗಿದೆ, ಆದರೂ ಆಫ್ ಇಳಿಯುತ್ತಿಲ್ಲ ಅಂದರೆ ಬೇರೆ ಏನು ಚುಚ್ಚಿದ್ದಾರೆ ಅಂತ ನೋಡಿ. ವಾಂತಿಗೆ ಕೊಡುವ ಪೆರಿನಾರ್ಮ್, ಸ್ಟೆಮೆಟಿಲ್, ರಾತ್ರಿ ಗಲಾಟೆ ಮಾಡಿದರು ಅಂತ ಕೊಡುವ ಹ್ಯಾಲೋಪೆರಿಡಾಲ್, ಇವೆಲ್ಲ ಮಿದುಳಿನಲ್ಲಿ ಡೋಪಮಿನ್ನಿಗೆ ಬಾಗಿಲು ಹಾಕುತ್ತವೆ. ವಾಂತಿಗೆ ಆಂಡಾನ್ಸೆಟ್ರಾನ್ ಇದೆ, ಹೃದಯ ಸರಿ ಇದ್ದರೆ ಡಾಂಪೆರಿಡೋನ್ ಇದೆ. ಡ್ಯೂಟಿ ಡಾಕ್ಟರಿಗೆ ‘ಇವರಿಗೆ ಪಾರ್ಕಿನ್ಸನ್ ಇದೆ, ಪೆರಿನಾರ್ಮ್ ಬೇಡ’ ಅಂತ ಇಂಜೆಕ್ಷನ್‌ಗೆ ಮುಂಚೆಯೇ ಹೇಳಿ.