ಪದ ಪರಿಚಯ: ಹಡಗು ಪ್ರವಾಸದಲ್ಲಿ ‘ಆರು ತಿಂಗಳ ನಿಯಮ’

ಪಾಸ್‌ಪೋರ್ಟಿನ ಮೇಲೆ ಅಚ್ಚಾಗಿರುವ ಕೊನೆಯ ದಿನಾಂಕವೇ ಬೇರೆ, ಅದು ನಿಜಕ್ಕೂ ಕೆಲಸಕ್ಕೆ ಬರುವ ಕೊನೆಯ ದಿನವೇ ಬೇರೆ. ಇವೆರಡರ ನಡುವಿನ ಅಂತರಕ್ಕೆ ಪ್ರವಾಸದ ವ್ಯವಹಾರದಲ್ಲಿ ಬಿದ್ದಿರುವ ಹೆಸರು ‘ಆರು ತಿಂಗಳ ನಿಯಮ’. ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಸಾಲದು, ಪ್ರವಾಸ ಮುಗಿದ ಮೇಲೂ ಅದರಲ್ಲಿ ಇಂತಿಷ್ಟು ಅವಧಿ ಉಳಿದಿರಬೇಕು ಎನ್ನುವುದು ಇದರ ತಿರುಳು. ವಿಮಾನದಲ್ಲಿ ಒಂದು ದೇಶಕ್ಕೆ ಹೋಗಿ ಬರುವವರಿಗೆ ಇದು ಒಂದೇ ಲೆಕ್ಕ. ಕ್ರೂಸ್ ಹತ್ತುವವರಿಗೆ ಹಾಗಲ್ಲ. ಒಂದೇ ವಾರದಲ್ಲಿ ಮೂರ್ನಾಲ್ಕು ದೇಶಗಳ ಬಂದರು ಬರುತ್ತವೆ, ಒಂದೊಂದಕ್ಕೂ ಅದರದೇ ಲೆಕ್ಕ, ಅದರ ಮೇಲೆ ಹಡಗು ಕಂಪನಿಯದು ಇನ್ನೊಂದು.

ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಎಲ್ಲ ದೇಶಗಳೂ ಒಪ್ಪಿಕೊಂಡ ‘ಆರು ತಿಂಗಳು’ ಎಂಬ ಅಂತರರಾಷ್ಟ್ರೀಯ ಕಾನೂನು ಯಾವುದೂ ಇಲ್ಲ. ಪ್ರತಿ ದೇಶವೂ ತನ್ನ ಗಡಿಗೆ ತಾನೇ ಅಳತೆ ಹಾಕಿಕೊಂಡಿದೆ. ಸಿಂಗಪುರ, ಇಂಡೊನೇಷ್ಯಾ ಆರು ತಿಂಗಳು ಕೇಳುತ್ತವೆ. ಯುರೋಪಿನ ಷೆಂಗೆನ್ ದೇಶಗಳದ್ದು, ಅಂದರೆ ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆ ತೆಗೆದುಹಾಕಿರುವ ದೇಶಗಳದ್ದು, ಮೂರು ತಿಂಗಳು. ದಕ್ಷಿಣ ಆಫ್ರಿಕಾ ಹೊರಡುವ ದಿನದಿಂದ 30 ದಿನ ಕೇಳುತ್ತದೆ, ಜೊತೆಗೆ ಎರಡು ಖಾಲಿ ಪುಟ. ಟರ್ಕಿ ತಿಂಗಳುಗಳನ್ನೇ ಎಣಿಸುವುದಿಲ್ಲ, ಒಳಗೆ ಕಾಲಿಟ್ಟ ದಿನದಿಂದ 150 ದಿನ ಎನ್ನುತ್ತದೆ. ಬ್ರಿಟನ್, ಕೆನಡಾ, ಜಪಾನ್‌ಗಳಿಗೆ ಅಲ್ಲಿ ಇರುವಷ್ಟು ದಿನ ಪಾಸ್‌ಪೋರ್ಟ್ ಜೀವಂತವಾಗಿದ್ದರೆ ಸಾಕು. ಇಷ್ಟರ ಮೇಲೆ, ನಿಮ್ಮ ಕೈಯಲ್ಲಿರುವುದು ಯಾವ ದೇಶದ ಪಾಸ್‌ಪೋರ್ಟ್ ಎಂಬುದನ್ನು ನೋಡಿ ಒಂದೇ ಬಂದರಿನಲ್ಲಿ ಇಬ್ಬರಿಗೆ ಎರಡು ನಿಯಮ ಅನ್ವಯವಾಗುವುದೂ ಉಂಟು.

ಇಷ್ಟು ಅವಧಿ ಕೇಳುವುದೇಕೆ? ವಾರಕ್ಕೆಂದು ಬಂದವರು ವಾರಕ್ಕೇ ಹೋಗುತ್ತಾರೆಂಬ ಖಾತರಿ ಯಾವ ಗಡಿ ಅಧಿಕಾರಿಗೂ ಇರುವುದಿಲ್ಲ. ಹಲವು ದೇಶಗಳಲ್ಲಿ ಪ್ರವಾಸಿಗೆ ಸಿಗುವ ಗರಿಷ್ಠ ಅವಕಾಶ 90 ದಿನ. ಅದು ಮುಗಿಯುವ ಹೊತ್ತಿಗೆ ಕಾಯಿಲೆಯೋ ಅಪಘಾತವೋ ಆಗಿ ಅವರು ಅಲ್ಲೇ ಉಳಿದು, ಪಾಸ್‌ಪೋರ್ಟೂ ಸತ್ತುಹೋದರೆ ವಾಪಸ್ ಕಳಿಸುವುದು ಆ ದೇಶದ ತಲೆನೋವಾಗುತ್ತದೆ. ಹಡಗಿನವರ ವಿಷಯದಲ್ಲಿ ಇದು ಬರೀ ಊಹೆಯಲ್ಲ. ನಡುದಾರಿಯಲ್ಲಿ ಹೃದಯಾಘಾತವಾದ ಪ್ರಯಾಣಿಕರನ್ನು ಹತ್ತಿರದ ಬಂದರಿನ ಆಸ್ಪತ್ರೆಗೆ ಇಳಿಸಿ ಹಡಗು ಮುಂದೆ ಹೋಗುತ್ತದೆ. ಬೆಳಿಗ್ಗೆ ಇಳಿದು ಸಂಜೆ ಹತ್ತುವ ‘ದಿನದ ಅತಿಥಿ’ ಆ ಕ್ಷಣಕ್ಕೆ ಆ ದೇಶದಲ್ಲಿ ವಾರಗಟ್ಟಲೆ ಉಳಿಯುವ ವಿದೇಶಿಯಾಗುತ್ತಾರೆ, ಆಮೇಲೆ ವಿಮಾನದಲ್ಲೇ ಊರಿಗೆ ಮರಳಬೇಕಾಗುತ್ತದೆ.

ಎಣಿಕೆ ಶುರುವಾಗುವುದು ಯಾವ ದಿನದಿಂದ?

ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ‘ಆರು ತಿಂಗಳು’ ಎಂದರೆ ಟಿಕೆಟ್ ಕಾದಿರಿಸಿದ ದಿನದಿಂದ ಅಲ್ಲ. ಮನೆ ಬಿಟ್ಟ ದಿನದಿಂದಲೂ ಅಲ್ಲ. ಕೆಲವು ದೇಶಗಳು ತಮ್ಮ ನೆಲಕ್ಕೆ ಬಂದ ದಿನದಿಂದ ಎಣಿಸುತ್ತವೆ, ಕೆಲವು ತಮ್ಮ ನೆಲ ಬಿಡುವ ದಿನದಿಂದ. ಹಡಗು ಕಂಪನಿಗಳಲ್ಲಿ ಹಲವು ಪ್ರವಾಸ ಮುಗಿದು ಇಳಿಯುವ ದಿನದಿಂದ ಎಣಿಸುತ್ತವೆ.

ಹತ್ತು ರಾತ್ರಿಗಳ ಒಂದು ಕ್ರೂಸ್ ತೆಗೆದುಕೊಳ್ಳಿ. 4 ನವೆಂಬರ್ 2026ಕ್ಕೆ ಹತ್ತುವುದು, 14ಕ್ಕೆ ಇಳಿಯುವುದು. ಪಾಸ್‌ಪೋರ್ಟಿನ ಅವಧಿ 10 ಮೇ 2027ರವರೆಗೆ. ಹತ್ತುವ ದಿನದಿಂದ ಎಣಿಸಿದರೆ 4 ಮೇ ದಾಟಿದರೆ ಸಾಕು, ಪಾಸ್. ಇಳಿಯುವ ದಿನದಿಂದ ಎಣಿಸಿದರೆ 14 ಮೇ ಬೇಕು, ನಾಲ್ಕು ದಿನ ಕಡಿಮೆ. ಈ ನಾಲ್ಕು ದಿನವನ್ನು ಕೌಂಟರಿನಲ್ಲಿ ಯಾರೂ ಬಿಟ್ಟುಕೊಡುವುದಿಲ್ಲ.

ಬಂದರು ಹೆಚ್ಚಿದಷ್ಟೂ ಲೆಕ್ಕ ಕವಲೊಡೆಯುತ್ತದೆ. ಅಥೆನ್ಸ್ ಬಳಿಯ ಪಿರೇಯಸ್‌ನಿಂದ ಹೊರಟು, ಜೂನ್ 6ರಂದು ಟರ್ಕಿಯ ಕುಶಾದಾಸಿ ಮುಟ್ಟಿ, ಜೂನ್ 12ಕ್ಕೆ ಪಿರೇಯಸ್‌ಗೇ ಮರಳಿ ಅದೇ ದಿನ ವಿಮಾನ ಹತ್ತುವ ಪ್ರವಾಸ ಎಂದುಕೊಳ್ಳಿ. ಗ್ರೀಸ್ ಷೆಂಗೆನ್ ದೇಶವಾದ್ದರಿಂದ ಅದಕ್ಕೆ ಸೆಪ್ಟೆಂಬರ್ 12ರವರೆಗೆ ಅವಧಿ ಇದ್ದರೆ ಸಾಕು. ಟರ್ಕಿಯ 150 ದಿನ ನವೆಂಬರ್ 3ಕ್ಕೆ ಹೋಗಿ ನಿಲ್ಲುತ್ತದೆ. ಕಂಪನಿ ಇಳಿದ ದಿನದಿಂದ ಆರು ತಿಂಗಳು ಕೇಳಿದರೆ ಡಿಸೆಂಬರ್ 12. ನವೆಂಬರ್ 20ಕ್ಕೆ ಮುಗಿಯುವ ಪಾಸ್‌ಪೋರ್ಟ್ ಹಿಡಿದು ಬಂದವರಿಗೆ ಎರಡು ದೇಶಗಳ ಬಾಗಿಲೂ ತೆರೆದಿದೆ, ಮುಚ್ಚಿರುವುದು ಹಡಗಿನ ಬಾಗಿಲು ಮಾತ್ರ. ಹಾಗಾಗಿ ಮೂರರಲ್ಲಿ ಎಲ್ಲಕ್ಕಿಂತ ದೂರದ ದಿನಾಂಕ ಯಾವುದೋ ಅದನ್ನೇ ನಿಮ್ಮ ನಿಯಮ ಎಂದು ಹಿಡಿಯಬೇಕು. ಸರಾಸರಿಗೆ ಇಲ್ಲಿ ಬೆಲೆಯಿಲ್ಲ.

‘ಆ ಬಂದರಿನಲ್ಲಿ ನಾನು ಇಳಿಯುವುದೇ ಇಲ್ಲ, ಹಡಗಿನಲ್ಲೇ ಇರುತ್ತೇನೆ’ ಎನ್ನುವುದು ಜಾಣತನದಂತೆ ಕೇಳಿಸುತ್ತದೆ, ಕೆಲಸಕ್ಕೆ ಬರುವುದಿಲ್ಲ. ಹಡಗಿನಲ್ಲಿರುವ ಎಲ್ಲರ ಪಟ್ಟಿಯೂ ಬಂದರಿನ ಅಧಿಕಾರಿಗಳ ಕೈಗೆ ಮುಂಚೆಯೇ ಹೋಗಿರುತ್ತದೆ. ಕೆಲವು ಬಂದರುಗಳಲ್ಲಿ ಇಳಿಯುವವರು, ಇಳಿಯದವರು ಎಂಬ ಭೇದವಿಲ್ಲದೆ ಎಲ್ಲರ ತಪಾಸಣೆಯೂ ನಡೆಯುತ್ತದೆ.

ಷೆಂಗೆನ್‌ನ ಜೋಡಿ ಬೀಗ

ಮೆಡಿಟರೇನಿಯನ್ ಕ್ರೂಸ್‌ಗೆ ಹೊರಟವರು ಮೂರು ತಿಂಗಳ ಲೆಕ್ಕವನ್ನಷ್ಟೇ ನೆನಪಿಟ್ಟುಕೊಂಡು ಎರಡನೆಯ ಷರತ್ತನ್ನು ಮರೆಯುತ್ತಾರೆ. ಷೆಂಗೆನ್ ಗಡಿ ಸಂಹಿತೆ ಎರಡು ವಿಷಯ ಕೇಳುತ್ತದೆ: ಷೆಂಗೆನ್ ವಲಯ ಬಿಡುವ ದಿನದ ನಂತರ ಮೂರು ತಿಂಗಳ ಅವಧಿ ಇರಬೇಕು, ಮತ್ತು ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು. ಹತ್ತು ವರ್ಷಕ್ಕೇ ಮುಗಿಯುವ ಪಾಸ್‌ಪೋರ್ಟ್ ಇದ್ದವರಿಗೆ ಎರಡನೆಯ ಷರತ್ತು ತಾನಾಗಿಯೇ ಈಡೇರುತ್ತದೆ. ಸಿಕ್ಕಿಬೀಳುವವರು ಹಳೆಯ ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು. ಬ್ರಿಟನ್‌ನಲ್ಲಿ ಸೆಪ್ಟೆಂಬರ್ 2018ರವರೆಗೆ ಮುಂಚಿತವಾಗಿ ರಿನ್ಯೂ ಮಾಡಿಸಿದವರಿಗೆ ಹಳೆಯದರಲ್ಲಿ ಉಳಿದ ತಿಂಗಳುಗಳನ್ನು, ಗರಿಷ್ಠ ಒಂಬತ್ತರವರೆಗೆ, ಹೊಸದಕ್ಕೆ ಸೇರಿಸಿಕೊಡುತ್ತಿದ್ದರು. 20 ಜನವರಿ 2017ರಂದು ಕೊಟ್ಟ ಅಂಥದ್ದೊಂದರ ಅವಧಿ 20 ಸೆಪ್ಟೆಂಬರ್ 2027ರವರೆಗೆ ಎಂದು ಅಚ್ಚಾಗಿರಬಹುದು. ಅದನ್ನು ಹಿಡಿದು 5 ಫೆಬ್ರವರಿ 2027ರಂದು ಬಾರ್ಸಿಲೋನಾದ ಗಡಿಯಲ್ಲಿ ನಿಂತರೆ ಒಳಗೆ ಬಿಡುವುದಿಲ್ಲ. ಏಳು ತಿಂಗಳಿಗೂ ಹೆಚ್ಚು ಬಾಕಿ ಇದ್ದರೂ ಅದಕ್ಕೆ ಹತ್ತು ವರ್ಷ ತುಂಬಿಹೋಗಿದೆ. ಆದ್ದರಿಂದ ಯುರೋಪಿಗೆ ಹೊರಟವರು ಕೊನೆಯ ದಿನಾಂಕದ ಜೊತೆ ಕೊಟ್ಟ ದಿನಾಂಕವನ್ನೂ ಓದಬೇಕು.

ಬಾರ್ಸಿಲೋನಾ, ಮಾರ್ಸೆ, ಚಿವಿಟವೆಕ್ಯಾ ಎಂದು ಷೆಂಗೆನ್ ಬಂದರುಗಳಲ್ಲೇ ಸುತ್ತುವ ಹಡಗಿಗೆ ನಡುವೆ ಗಡಿ ತಪಾಸಣೆ ಇರುವುದಿಲ್ಲ. ಮಾಂಟೆನೆಗ್ರೊದ ಕೋಟರ್ ಅಥವಾ ಟರ್ಕಿಯ ಒಂದು ಬಂದರು ನಡುವೆ ಬಂದರೆ ನೀವು ವಲಯದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದಂತೆ. ವೀಸಾ ಬೇಕಾದವರು ಇಲ್ಲಿ ಅವಧಿಗಿಂತಲೂ ಹೆಚ್ಚು ಹುಷಾರಾಗಿ ನೋಡಬೇಕಾದದ್ದು ವೀಸಾದಲ್ಲಿ ಎಷ್ಟು ಸಲದ ಪ್ರವೇಶ ಎಂದಿದೆ ಎಂಬುದನ್ನು. ಕ್ರೊಯೇಷಿಯಾ 1 ಜನವರಿ 2023ರಿಂದ ಷೆಂಗೆನ್‌ನ ಒಳಗಿದೆ. ಅಲ್ಲಿನ ಡುಬ್ರೊವ್ನಿಕ್ ವಲಯದ ಹೊರಗಿನ ಬಂದರು ಎಂದು ಹೇಳುವ ಹಳೆಯ ಕೈಪಿಡಿಗಳನ್ನು ನಂಬಬೇಡಿ.

ಅಮೆರಿಕದ ‘ಕ್ಲೋಸ್ಡ್ ಲೂಪ್’

ಪಾಸ್‌ಪೋರ್ಟ್ ಇಲ್ಲದೆಯೂ ಕ್ರೂಸ್ ಹೋಗಬಹುದು ಎಂಬ ಮಾತು ಹುಟ್ಟಿದ್ದು ಈ ಪದದಿಂದ. ಅಮೆರಿಕದ ಒಂದು ಬಂದರಿನಿಂದ ಹೊರಟು, ಕೆರಿಬಿಯನ್, ಮೆಕ್ಸಿಕೊ, ಕೆನಡಾ ಅಥವಾ ಬರ್ಮುಡಾ ಕಡೆ ಸುತ್ತಿ, ಹೊರಟ ಬಂದರಿಗೇ ಮರಳುವುದು ಕ್ಲೋಸ್ಡ್ ಲೂಪ್. ಮಯಾಮಿಯಲ್ಲಿ ಹತ್ತಿ ಮಯಾಮಿಯಲ್ಲೇ ಇಳಿದರೆ ಹೌದು. ಮಯಾಮಿಯಲ್ಲಿ ಹತ್ತಿ ಬೇರೆ ಬಂದರಿನಲ್ಲಿ ಇಳಿದರೆ ಅಲ್ಲ. ಸಮುದ್ರ ಮತ್ತು ಭೂಮಾರ್ಗದ ಪ್ರಯಾಣಿಕರಿಗೆ 1 ಜೂನ್ 2009ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ, ಇಂಥ ಪ್ರವಾಸದಿಂದ ಮರಳುವ ಅಮೆರಿಕದ ಪ್ರಜೆಗೆ ಜನನ ಪ್ರಮಾಣಪತ್ರ ಮತ್ತು ಸರ್ಕಾರ ಕೊಟ್ಟ ಫೋಟೊ ಗುರುತಿನ ಚೀಟಿ ಸಾಕು. 16 ವರ್ಷದೊಳಗಿನವರಿಗೆ ಜನನ ಪ್ರಮಾಣಪತ್ರವೊಂದೇ ಸಾಕು.

ರಿಯಾಯಿತಿ ಇರುವುದು ಅಮೆರಿಕಕ್ಕೆ ಮರಳುವುದಕ್ಕೆ ಮಾತ್ರ. ದಾರಿಯಲ್ಲಿ ಸಿಗುವ ದ್ವೀಪಗಳು ಅದಕ್ಕೆ ಕಟ್ಟುಬಿದ್ದಿಲ್ಲ. ಮಾರ್ಟಿನಿಕ್‌ನಂಥ ಫ್ರೆಂಚ್ ದ್ವೀಪ ಪಟ್ಟಿಯಲ್ಲಿದ್ದರೆ ಪಾಸ್‌ಪೋರ್ಟ್ ಬೇಕೇ ಬೇಕು. ಇನ್ನು ಹಡಗು ತಪ್ಪಿಸಿಕೊಂಡು, ಅಥವಾ ಆಸ್ಪತ್ರೆ ಸೇರಿ, ವಿಮಾನದಲ್ಲಿ ಮರಳಬೇಕಾದರೆ ಜನನ ಪ್ರಮಾಣಪತ್ರ ತೋರಿಸಿ ವಿಮಾನ ಹತ್ತಲಾಗದು. ಅಮೆರಿಕ ತನ್ನ ಪ್ರಜೆಗಳಿಗೆ ಪುಸ್ತಕದ ಬದಲು ಕಡಿಮೆ ದುಡ್ಡಿಗೆ ಕೊಡುವ ಪಾಸ್‌ಪೋರ್ಟ್ ಕಾರ್ಡ್‌ನದೂ ಇದೇ ಕಥೆ: ಸಮುದ್ರದಲ್ಲಿ ನಡೆಯುತ್ತದೆ, ಅಂತರರಾಷ್ಟ್ರೀಯ ವಿಮಾನದಲ್ಲಿ ನಡೆಯುವುದಿಲ್ಲ. ಅನುಭವಸ್ಥರು ಕ್ಲೋಸ್ಡ್ ಲೂಪ್‌ಗೂ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೋಗುತ್ತಾರೆ, ಅದು ಸರಿಯಾದ ಅಭ್ಯಾಸ.

ಅಮೆರಿಕದ ಪ್ರಜೆಗಳಲ್ಲದವರಿಗೆ ಈ ಸೌಲಭ್ಯ ಇಲ್ಲ. ಭೇಟಿ ಕೊಡುವ ವಿದೇಶಿಯರಿಂದ ಅಮೆರಿಕ, ಉಳಿಯುವ ಅವಧಿ ಮುಗಿದ ಮೇಲೆ ಇನ್ನೂ ಆರು ತಿಂಗಳ ವ್ಯಾಲಿಡಿಟಿ ಕೇಳುತ್ತದೆ. ಅವಧಿ ಮುಗಿದ ಪಾಸ್‌ಪೋರ್ಟನ್ನೂ ಆರು ತಿಂಗಳವರೆಗೆ ತಮ್ಮ ದೇಶಕ್ಕೆ ಮರಳಲು ಒಪ್ಪುತ್ತೇವೆ ಎಂದು ಒಪ್ಪಂದ ಮಾಡಿಕೊಂಡ ದೇಶಗಳ ಪ್ರಜೆಗಳಿಗೆ ಇದರಿಂದ ವಿನಾಯಿತಿ ಇದೆ. ಆ ದೇಶಗಳ ಗುಂಪನ್ನು ‘ಸಿಕ್ಸ್ ಮಂತ್ ಕ್ಲಬ್’ ಎಂದು ಕರೆಯುತ್ತಾರೆ. ಹೆಸರು ಕೇಳಿ ಆರು ತಿಂಗಳು ಕಡ್ಡಾಯವಿರುವ ದೇಶಗಳ ಪಟ್ಟಿ ಎಂದುಕೊಳ್ಳುವವರಿದ್ದಾರೆ, ಅರ್ಥ ಅದರ ತದ್ವಿರುದ್ಧ.

ಕೌಂಟರಿನಲ್ಲಿ ನಡೆಯುವುದೇನು

ನಿಮ್ಮನ್ನು ತಡೆಯುವುದು ಹೆಚ್ಚಾಗಿ ಗಡಿ ಅಧಿಕಾರಿಯಲ್ಲ, ಬಂದರಿನ ಚೆಕ್-ಇನ್ ಸಿಬ್ಬಂದಿ. ದಾಖಲೆ ಸರಿಯಿಲ್ಲದವರನ್ನು ಕರೆತಂದರೆ ವಾಪಸ್ ಒಯ್ಯುವ ಹೊಣೆ ಸಾಗಿಸಿದವರ ಮೇಲೆ ಬೀಳುತ್ತದೆ, ಬಹಳಷ್ಟು ದೇಶಗಳಲ್ಲಿ ದಂಡವೂ ಇದೆ. ಹಾಗಾಗಿ ಕಂಪನಿಗಳು ಇಡೀ ಮಾರ್ಗಕ್ಕೆ ಒಂದೇ ಕಟ್ಟುನಿಟ್ಟಿನ ಅಳತೆ ಇಟ್ಟುಕೊಳ್ಳುತ್ತವೆ. ಹತ್ತಿಸದೆ ಬಿಟ್ಟರೆ ಟಿಕೆಟಿನ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಪ್ರವಾಸ ವಿಮೆಯೂ ದಾಖಲೆ ಕೊರತೆಯಿಂದಾದ ನಷ್ಟವನ್ನು ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. ಗಡಿಬಿಡಿಯಲ್ಲಿ ತುರ್ತು ಪಾಸ್‌ಪೋರ್ಟ್ ಮಾಡಿಸಿಕೊಂಡು ಓಡಿ ಬಂದರೂ ತಾಪತ್ರಯವೇ. ಅದರ ಅವಧಿಯೇ ಚಿಕ್ಕದಿರುವುದರಿಂದ ಕೆಲವೊಮ್ಮೆ ಅದೇ ಆರು ತಿಂಗಳ ನಿಯಮಕ್ಕೆ ಸಿಕ್ಕಿಕೊಳ್ಳುತ್ತದೆ.

ವಿಚಿತ್ರವಾದ ಒಂದು ತಪ್ಪು ಆನ್‌ಲೈನ್ ಚೆಕ್-ಇನ್‌ನಲ್ಲಿ ಆಗುತ್ತದೆ. 10 ಮೇ 2027ನ್ನು 10/05/2027 ಎಂದು ಬರೆಯುವುದು ನಮಗೆ ರೂಢಿ. ತಿಂಗಳನ್ನು ಮೊದಲು ಕೇಳುವ ಫಾರ್ಮ್‌ನಲ್ಲಿ ಹಾಗೇ ತುಂಬಿದರೆ ಅದು 5 ಅಕ್ಟೋಬರ್ 2027 ಆಗುತ್ತದೆ. ಕೂತಲ್ಲೇ ಐದು ತಿಂಗಳು ಲಾಭ! ವೆಬ್‌ಸೈಟ್ ಹಸಿರು ಗುರುತು ತೋರಿಸಿ ಬೋರ್ಡಿಂಗ್ ಪಾಸ್ ಕೊಡುತ್ತದೆ. ಬಂದರಿನಲ್ಲಿ ಯಂತ್ರ ಪಾಸ್‌ಪೋರ್ಟನ್ನೇ ಓದಿದಾಗ ನಿಜ ಹೊರಬೀಳುತ್ತದೆ.

ಆ ಯಂತ್ರ ಓದುವುದು ಫೋಟೊ ಇರುವ ಪುಟದ ಕೆಳಗಿನ ಎರಡು ಸಾಲುಗಳನ್ನು. ಒಂದೊಂದರಲ್ಲೂ 44 ಸ್ಥಾನ. ಎರಡನೆಯ ಸಾಲಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ದೇಶದ ಮೂರಕ್ಷರ, ಹುಟ್ಟಿದ ದಿನ, ಲಿಂಗ ಕಳೆದು, 22ರಿಂದ 27ನೆಯ ಸ್ಥಾನದವರೆಗೆ ಅವಧಿ ಮುಗಿಯುವ ದಿನ ಇರುತ್ತದೆ: ಮೊದಲು ವರ್ಷದ ಕೊನೆಯ ಎರಡಂಕಿ, ಆಮೇಲೆ ತಿಂಗಳು, ಆಮೇಲೆ ದಿನ. 10 ಮೇ 2027 ಅಲ್ಲಿ 270510. 28ನೆಯ ಸ್ಥಾನದ್ದು ತಾಳೆ ಅಂಕಿ, ಯಂತ್ರ ದಿನಾಂಕವನ್ನು ಸರಿಯಾಗಿ ಓದಿದೆಯೇ ಎಂದು ನೋಡಲು ಇರುವಂಥದ್ದು. ಆರು ಅಂಕಿಗಳನ್ನು ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿ ಕೂಡಿದರೆ 14+21+0+35+3+0, ಒಟ್ಟು 73. ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷ 3, ಅದೇ ತಾಳೆ ಅಂಕಿ. ದಿನಾಂಕದ ಬರಹದ ಬಗ್ಗೆ ಅನುಮಾನ ಬಂದರೆ ಈ ಸಾಲನ್ನೇ ಓದಿ, ಇದರಲ್ಲಿ ಎರಡರ್ಥಕ್ಕೆ ಎಡೆಯಿಲ್ಲ. ಮಕ್ಕಳ ಪಾಸ್‌ಪೋರ್ಟುಗಳನ್ನು ಬೇರೆಯಾಗಿಯೇ ತೆಗೆದು ನೋಡಿ. ಹಲವು ದೇಶಗಳಲ್ಲಿ ಅವುಗಳ ಆಯುಷ್ಯ ಐದೇ ವರ್ಷ. ಅಪ್ಪ ಅಮ್ಮನದು ಚಾಲ್ತಿಯಲ್ಲಿದೆ ಎಂದು ಮಗುವಿನದೂ ಇರುತ್ತದೆ ಎಂದುಕೊಂಡು ಬಂದು ಇಡೀ ಕುಟುಂಬ ದಡದಲ್ಲೇ ಉಳಿಯುವುದುಂಟು.

ರಿನ್ಯೂ ಮಾಡಿಸಿದ ಮೇಲೆ

ಅವಧಿ ಸಾಲದೆಂದು ಕಂಡರೆ ರಿನ್ಯೂ ಮಾಡಿಸುವುದೊಂದೇ ದಾರಿ, ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹೊಸ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಹೊಸ ಸಂಖ್ಯೆ ಬರುತ್ತದೆ. ಬುಕಿಂಗ್‌ನಲ್ಲಿ, ಆನ್‌ಲೈನ್ ಚೆಕ್-ಇನ್‌ನಲ್ಲಿ, ವಿಮಾನ ಟಿಕೆಟಿನ ಪ್ರಯಾಣಿಕರ ವಿವರದಲ್ಲಿ ಅದನ್ನು ತಿದ್ದಬೇಕು. ಹಳೆಯ ಸಂಖ್ಯೆಗೆ ಜೋಡಿಸಿ ಕೊಟ್ಟ ಇ-ವೀಸಾ, ಪ್ರಯಾಣದ ಅನುಮತಿಗಳು ಹೊಸದಕ್ಕೆ ತಾವಾಗಿ ವರ್ಗವಾಗುವುದಿಲ್ಲ. ವೀಸಾ ಇಲ್ಲದೆ ಹೋಗಬಹುದಾದ ದೇಶಗಳವರು ಆನ್‌ಲೈನ್‌ನಲ್ಲಿ ಪಡೆಯುವ ಅಮೆರಿಕದ ಎಸ್ಟಾ ಅನುಮತಿಯನ್ನು ಹೊಸದಾಗಿಯೇ ಪಡೆಯಬೇಕು. ಅಂಟಿಸಿದ ವೀಸಾದ ವಿಷಯ ಬೇರೆ. ಹಳೆಯ ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಅವಧಿಯೊಳಗಿದ್ದು ಹಾಳಾಗದೆ ಇದ್ದರೆ, ಅದೇ ದೇಶದ ಹೊಸ ಪಾಸ್‌ಪೋರ್ಟಿನ ಜೊತೆ ಹಳೆಯದನ್ನೂ ತೋರಿಸಿ ಪ್ರಯಾಣಿಸಬಹುದು. ಹೀಗಾಗಿ ರದ್ದಾದ ಹಳೆಯ ಪುಸ್ತಕವನ್ನು ಬೀರುವಿನಲ್ಲಿ ಬಿಟ್ಟು ಬರಬಾರದು. ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಂದರಿನಲ್ಲಿ ಹಮಾಲರ ಕೈಗೆ ಕೊಟ್ಟ ಸೂಟ್‌ಕೇಸ್ ಚೆಕ್-ಇನ್ ಮುಗಿದು ಎಷ್ಟೋ ಹೊತ್ತಿನ ಮೇಲೆ ಕ್ಯಾಬಿನ್‌ಗೆ ಬರುತ್ತದೆ, ಕೌಂಟರಿನಲ್ಲಿ ಕೇಳುವ ಹೊತ್ತಿಗೆ ಅದು ಹಡಗಿನ ಹೊಟ್ಟೆಯೊಳಗಿರುತ್ತದೆ.