ಹೆಬ್ಬೆಟ್ಟು, ಚಿನ್ನದ ಗಣಿ, ಕೊಳಚೆ ನೀರು: ನಾವಿರುವುದು ಡಿಸ್ಟೋಪಿಯದಲ್ಲೇ?

ಮನುಷ್ಯನ ಘನತೆಗೆ ಎಡೆಯೇ ಉಳಿಯದಂತೆ ಕಟ್ಟಿದ ವ್ಯವಸ್ಥೆಯನ್ನು ಡಿಸ್ಟೋಪಿಯ ಎನ್ನುತ್ತಾರೆ. ನಮ್ಮ ಕಾಲದ ಸಮಾಜಕ್ಕೆ ಈ ಹೆಸರು ಸಲ್ಲುತ್ತದೆಯೇ ಎಂಬ ವಾದ ಕಾಲೇಜುಗಳ ಚರ್ಚಾಸ್ಪರ್ಧೆಗಳಿಂದ ಹಿಡಿದು ಪತ್ರಿಕೆಗಳ ಅಂಕಣಗಳವರೆಗೆ ನಡೆಯುತ್ತಿದೆ. ಸಲ್ಲುತ್ತದೆ ಎನ್ನುವವರಲ್ಲಿ ಒಬ್ಬರು ಬೀದಿಯ ಕ್ಯಾಮೆರಾಗಳನ್ನು ತೋರಿಸಿದರೆ ಇನ್ನೊಬ್ಬರು ಕೆಟ್ಟ ನೀರನ್ನೂ ಮತ್ತೊಬ್ಬರು ಸಂಪತ್ತಿನ ಅಂತರವನ್ನೂ ತೋರಿಸುತ್ತಾರೆ. ಸಲ್ಲದು ಎನ್ನುವವರು ಆಯುಸ್ಸು, ಲಸಿಕೆ, ಸಾಕ್ಷರತೆಗಳ ಲೆಕ್ಕ ಕೊಡುತ್ತಾರೆ. ಎರಡು ಕಡೆಯವರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತಿರುವುದರಿಂದ ವಾದ ಬಗೆಹರಿಯುವುದಿಲ್ಲ. ಕೋಲಾರದ ಕಡೆಯವರಿಗೆ ಈ ಗೋಜಲನ್ನು ಬಿಡಿಸಿ ನೋಡಲು ಒಂದು ಅನುಕೂಲವಿದೆ. ವಾದದಲ್ಲಿ ಬರುವ ಹೆಚ್ಚಿನ ಸಂಗತಿಗಳು ಈ ನೆಲದಲ್ಲಿ ಒಂದಲ್ಲ ಒಂದು ಕಾಲಕ್ಕೆ ನಡೆದುಹೋಗಿವೆ.

ಆದರ್ಶ ರಾಜ್ಯದ ಕಲ್ಪನೆಗೆ 1516ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್ ಯುಟೋಪಿಯ ಎಂದು ಹೆಸರಿಟ್ಟರು. ಅದರ ವಿರುದ್ಧದ ಸ್ಥಿತಿಯನ್ನು ಸೂಚಿಸುವ ಮಾತನ್ನು 1868ರಲ್ಲಿ ಜಾನ್ ಸ್ಟೂವರ್ಟ್ ಮಿಲ್ ಬ್ರಿಟಿಷ್ ಸಂಸತ್ತಿನಲ್ಲಿ, ಐರ್ಲೆಂಡಿನ ಬಗ್ಗೆ ಸರ್ಕಾರ ತಳೆದಿದ್ದ ನೀತಿಯನ್ನು ಖಂಡಿಸುವಾಗ ಬಳಸಿದರು. 1932 ಮತ್ತು 1949ರಲ್ಲಿ ಬಂದ ಎರಡು ಇಂಗ್ಲಿಷ್ ಕಾದಂಬರಿಗಳು ಜನರನ್ನು ಸುಖದ ಆಮಿಷದಿಂದ ಹಿಡಿದಿಡುವ ರಾಜ್ಯವನ್ನೂ ಭಯದಿಂದ ಹಿಡಿದಿಡುವ ರಾಜ್ಯವನ್ನೂ ಚಿತ್ರಿಸಿದವು. ಅಂದಿನಿಂದ ಇಂದಿನವರೆಗಿನ ಚರ್ಚೆಯೆಲ್ಲ ಬಹುಮಟ್ಟಿಗೆ ಈ ಎರಡು ಚಿತ್ರಗಳ ನಡುವೆಯೇ ಓಡಾಡುತ್ತಿದೆ.

ಹಿಂದಿನ ಕಾಲವೇ ಚೆನ್ನಾಗಿತ್ತು ಎಂಬ ಮಾತನ್ನು ಮೊದಲೇ ಪಕ್ಕಕ್ಕಿಡುವುದು ಒಳ್ಳೆಯದು. 1876ರಿಂದ 1878ರವರೆಗಿನ ಧಾತು–ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐವತ್ತು ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಮಂದಿ ಸತ್ತರು. ಕೋಲಾರ, ತುಮಕೂರುಗಳ ಬಯಲುಸೀಮೆ ಹೆಚ್ಚು ನಲುಗಿದ ಭಾಗಗಳಲ್ಲಿ ಸೇರಿತ್ತು. ಭಾರತೀಯರ ಸರಾಸರಿ ಆಯುಸ್ಸು ಸ್ವಾತಂತ್ರ್ಯ ಬಂದಾಗ ಮೂವತ್ತೆರಡು ವರ್ಷದ ಆಸುಪಾಸಿನಲ್ಲಿತ್ತು, ಈಗ ಎಪ್ಪತ್ತರ ಹತ್ತಿರವಿದೆ. ನೋವಿನ ಪ್ರಮಾಣವೊಂದೇ ಅಳತೆಯಾಗಿದ್ದರೆ ಚರ್ಚೆ ಇಲ್ಲಿಗೇ ಮುಗಿಯಬೇಕಿತ್ತು.

ಮುಗಿಯದಿರುವುದಕ್ಕೆ ಕಾರಣ ತಿಳಿಯಬೇಕಾದರೆ ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಇತಿಹಾಸವನ್ನು ನೋಡಬೇಕು. ಬರ ಕಳೆದ ಕೆಲವೇ ವರ್ಷಗಳಲ್ಲಿ, 1880ರ ದಶಕದಲ್ಲಿ, ಜಾನ್ ಟೇಲರ್ ಕಂಪನಿ ಇಲ್ಲಿ ಆಧುನಿಕ ಗಣಿಗಾರಿಕೆಯನ್ನು ಆರಂಭಿಸಿತು. 1902ರಲ್ಲಿ, ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬರುವುದಕ್ಕೂ ಮೂರು ವರ್ಷ ಮೊದಲು, ಶಿವನಸಮುದ್ರದಿಂದ ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದು ಗಣಿಯ ಯಂತ್ರಗಳಿಗೆ ವಿದ್ಯುತ್ ಕೊಡಲಾಯಿತು. ಅಧಿಕಾರಿಗಳಿಗೆ ಬಂಗಲೆ, ಕ್ಲಬ್, ಗಾಲ್ಫ್ ಮೈದಾನಗಳಿದ್ದವು. ಉತ್ತರ ಆರ್ಕಾಟು, ಚಿತ್ತೂರುಗಳಿಂದ ಬಂದ ಕೂಲಿಗಳಿಗೆ, ಅವರಲ್ಲಿ ಬಹುಪಾಲು ದಲಿತರಿಗೆ, ಬಿದಿರು ತಟ್ಟಿಯ ಗುಡಿಸಲುಗಳಿದ್ದವು. ಚಾಂಪಿಯನ್ ರೀಫ್ ಗಣಿ ಕ್ರಮೇಣ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆಳ ಹೆಚ್ಚಿದಂತೆ ಸೆಕೆಯೂ, ಒತ್ತಡ ತಾಳದೆ ಬಂಡೆ ಸಿಡಿದು ಆಗುವ ಸಾವುಗಳೂ ಹೆಚ್ಚಿದವು. ಚಿನ್ನದ ಕಳ್ಳತನ ತಡೆಯುವ ಹೆಸರಿನಲ್ಲಿ ಸಂಸ್ಥಾನವು ಗಣಿ ಪ್ರದೇಶಕ್ಕೆಂದೇ ವಿಶೇಷ ಕಾನೂನು ಮಾಡಿತ್ತು. ಮೈಸೂರು ಮಾದರಿ ಸಂಸ್ಥಾನವೆಂದು ಹೆಸರಾಗಿದ್ದ ಕಾಲವೂ ಇದೇ ಎಂಬುದನ್ನು ಮರೆಯಬಾರದು. ಡಿಸ್ಟೋಪಿಯ ಎಂದರೆ ಊರಿಗೆ ಊರೇ ಕತ್ತಲಾಗಿರಬೇಕು ಎಂದುಕೊಂಡವರಿಗೆ ಇದು ಹೊಂದುವುದಿಲ್ಲ. ಇಲ್ಲಿ ಬೆಳಕೂ ಕತ್ತಲೂ ಒಂದೇ ಬೇಲಿಯ ಎರಡು ಬದಿಗಳಲ್ಲಿದ್ದವು.

1930ರಲ್ಲಿ ಕಂಪನಿಗಳು ಕಾರ್ಮಿಕರನ್ನೆಲ್ಲ ನೋಂದಾಯಿಸಿ ಅವರ ಬೆರಳಚ್ಚು ಪಡೆಯುವ ವ್ಯವಸ್ಥೆಯನ್ನು ತಂದವು. ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನು ಹೆಸರು ಬದಲಿಸಿಕೊಂಡು ಇನ್ನೊಂದರಲ್ಲಿ ಸೇರಿಕೊಳ್ಳುವ ದಾರಿ ಇದರಿಂದ ಮುಚ್ಚುತ್ತಿತ್ತು. ಆಗ ಅಲ್ಲಿ ಗಟ್ಟಿಯಾಗಿ ಬೇರೂರಿದ ಕಾರ್ಮಿಕ ಸಂಘವಿರಲಿಲ್ಲ. ಆದರೂ ಸಾವಿರಾರು ಮಂದಿ ಗಣಿಗಿಳಿಯದೆ ವಾರಗಟ್ಟಲೆ ಮುಷ್ಕರ ಹೂಡಿದರು. ಬಂಡೆ ಸಿಡಿತವನ್ನೂ ಸೆಕೆಯನ್ನೂ ಕಡಿಮೆ ಕೂಲಿಯನ್ನೂ ಸಹಿಸಿಕೊಂಡಿದ್ದವರು ಬೆರಳಚ್ಚಿನ ವಿಷಯಕ್ಕೆ ಕೆಲಸ ನಿಲ್ಲಿಸಿದ್ದು ಯೋಚಿಸಬೇಕಾದ ಸಂಗತಿ. ಗಣಿ ಪ್ರದೇಶದ ಮಾರಿಕುಪ್ಪಂನಲ್ಲಿ ಅಷ್ಟು ಹೊತ್ತಿಗಾಗಲೇ ದಲಿತ ಕಾರ್ಮಿಕರ ಬೌದ್ಧ ಸಂಘ ಬೆಳೆದಿತ್ತೆಂಬುದನ್ನು ನೆನೆದರೆ, ಇವರನ್ನು ಬರೀ ಹೊಟ್ಟೆಪಾಡಿಗೆ ಬಂದ ಗುಂಪೆಂದು ಬರೆಯುವ ಅಭ್ಯಾಸ ಎಷ್ಟು ತಪ್ಪು ಎಂಬುದೂ ತಿಳಿಯುತ್ತದೆ. ಮುಂದೆ 1956ರಲ್ಲಿ ಗಣಿಗಳು ಸರ್ಕಾರದ ವಶಕ್ಕೆ ಬಂದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ರೂಪುಗೊಂಡಿತು, 2001ರ ಫೆಬ್ರವರಿ 28ರಂದು ಗಣಿಗಳಿಗೆ ಬೀಗ ಬಿತ್ತು. ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬಗಳು ಉಳಿದವು, ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಜನ ಉಳಿದರು.

ಬೀಗ ಬಿದ್ದ ಹತ್ತು ವರ್ಷಗಳೊಳಗೆ ಬೆರಳಚ್ಚು ಮತ್ತೆ ಬಂತು, ಈ ಬಾರಿ ಇಡೀ ದೇಶಕ್ಕೆ. ಆಧಾರ್ ನೋಂದಣಿ 2010ರಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಪ್ರಯೋಗಕ್ಕೆ ಆಯ್ದುಕೊಂಡದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳನ್ನು. ಯಾರೂ ಮುಷ್ಕರ ಹೂಡಲಿಲ್ಲ. ಜನ ಸರದಿಯಲ್ಲಿ ನಿಂತು ಬೆರಳು ಕೊಟ್ಟರು, ಏಕೆಂದರೆ ಅದರ ಹಿಂದೆ ಅಕ್ಕಿ, ಪಿಂಚಣಿ, ಗ್ಯಾಸ್ ಸಬ್ಸಿಡಿಗಳಿದ್ದವು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಪ್ರಕರಣದಿಂದ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂಬ ತೀರ್ಪು ಬಂತು. ಮರುವರ್ಷ ಸುಪ್ರೀಂ ಕೋರ್ಟ್ ಬ್ಯಾಂಕ್ ಖಾತೆಗೂ ಮೊಬೈಲಿಗೂ ಆಧಾರ್ ಕಡ್ಡಾಯವಲ್ಲವೆಂದೂ ಸರ್ಕಾರದ ಸಹಾಯಧನಗಳಿಗೆ ಕೇಳಬಹುದೆಂದೂ ಹೇಳಿತು. ಬ್ಯಾಂಕಿನಲ್ಲಿ ಹಣವಿದ್ದವನಿಗೆ ಬೇಡ ಎನ್ನುವ ಅವಕಾಶ ಸಿಕ್ಕಿತು, ಪಡಿತರಕ್ಕೆ ನಿಂತವನಿಗೆ ಸಿಗಲಿಲ್ಲ. ಕಲ್ಲು ಒಡೆದು, ಮಣ್ಣು ಹೊತ್ತು ಬೆರಳಿನ ಗೆರೆ ಸವೆದವರದೇ ಗುರುತು ಯಂತ್ರಕ್ಕೆ ಹತ್ತದೆ ಹೋಗುವುದು ಹೆಚ್ಚು. ಉದ್ಯೋಗ ಖಾತ್ರಿಯ ಕೆಲಸದಲ್ಲಿ 2023ರ ಜನವರಿಯಿಂದ ದಿನಕ್ಕೆರಡು ಬಾರಿ ಫೋಟೊ ತೆಗೆದು ಮೊಬೈಲ್ ಆ್ಯಪ್‌ಗೆ ಏರಿಸುವುದು ಕಡ್ಡಾಯವಾದ ಮೇಲೆ ನೆಟ್‌ವರ್ಕ್ ಕೂಡ ಕೂಲಿಯ ಲೆಕ್ಕದೊಳಗೆ ಬಂತು.

ನೀರಿನ ಕತೆ ಇಷ್ಟು ನೇರವಾಗಿಲ್ಲ. ಶಾಶ್ವತ ನದಿಯಿಲ್ಲದ ಈ ಜಿಲ್ಲೆಯಲ್ಲಿ ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿ, ನೀರಿನೊಂದಿಗೆ ಫ್ಲೋರೈಡ್ ಮೇಲೆ ಬಂದ ಮೇಲೆ, ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ದಿನಕ್ಕೆ 440 ದಶಲಕ್ಷ ಲೀಟರ್ ಅದರ ಗುರಿ. ಅದೇ ವರ್ಷದ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಿತು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು, ತಡೆಯಾಜ್ಞೆ ಬಂದು ತೆರವಾಯಿತು. ಈಗ ಕೆರೆಗಳು ತುಂಬಿವೆ, ಅಂತರ್ಜಲ ಏರಿದೆ. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಹೋರಾಟಗಾರರ ಬೇಡಿಕೆಯೂ ಉಳಿದಿದೆ. ಬೆಂಗಳೂರಿನಲ್ಲಿ ಕುಳಿತು ಇದನ್ನು ಡಿಸ್ಟೋಪಿಯ ಎಂದು ಬರೆಯುವವರು, ಈ ನೀರು ಬಂದದ್ದು ತಮ್ಮ ಮನೆಯ ಬಚ್ಚಲಿನಿಂದ ಎಂಬುದನ್ನೂ ಸೇರಿಸಿದರೆ ಚೆನ್ನಾಗಿರುತ್ತದೆ. ಇದನ್ನು ವರವೆಂದು ಬಣ್ಣಿಸುವವರು ಆ ಕೆರೆಯ ಅಂಚಿನ ಬಾವಿಯ ನೀರನ್ನು ಒಮ್ಮೆ ಕುಡಿದು ಹೇಳಲಿ.

ಆದರೂ ಕೆರೆಯ ವಿಷಯದಲ್ಲಿ ದೂರಲು ಒಂದು ಇಲಾಖೆಯಿತ್ತು, ಕೇಳಲು ನ್ಯಾಯಾಲಯವಿತ್ತು, ತೋರಿಸಲು ನೊರೆಯಿತ್ತು. 1930ರ ಗಣಿ ಕಾರ್ಮಿಕನ ಎದುರಿಗೆ ಕಂಪನಿಯೊಂದಿತ್ತು. ಅವನು ಇಳಿಯದಿದ್ದರೆ ಚಿನ್ನ ಮೇಲೆ ಬರುತ್ತಿರಲಿಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರ ಬೆರಳನ್ನು ಗುರುತಿಸದಿದ್ದಾಗ ಅಂಗಡಿಯವರು ಸರ್ವರ್ ಕಡೆ ಕೈತೋರಿಸುತ್ತಾರೆ, ತಾಲ್ಲೂಕು ಕಚೇರಿಯವರು ಬೆಂಗಳೂರಿನ ಕಡೆ, ಬೆಂಗಳೂರಿನವರು ದೆಹಲಿಯ ಕಡೆ. ಬೆರಳು ಹತ್ತದವರಿಗೂ ಪಡಿತರ ಕೊಡಬೇಕೆಂಬ ಸೂಚನೆ 2017ರಿಂದಲೇ ಇದೆ. ಅದನ್ನು ಅಂಗಡಿಯ ಬಾಗಿಲಿನಲ್ಲಿ ಬರೆದು ಹಾಕುವಂತೆ ಮಾಡುವುದಕ್ಕೆ ಯಾರ ಮುಂದೆ ಕೆಲಸ ನಿಲ್ಲಿಸಬೇಕು ಎಂಬುದು ಸರದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿಲ್ಲ.