ಭಾರ ಕಾಣದ ಮೀನಖಂಡ

ಕೋಲಾರದ ನನ್ನ ಫಿಸಿಯೋಥೆರಪಿ ಕೊಠಡಿಗೆ ಹಿರಿಯರೊಬ್ಬರನ್ನು ಮಗ ಎತ್ತಿಕೊಂಡೇ ಬಂದ. ಟೊಮೆಟೊ ಬಾಕ್ಸ್ ಹೊತ್ತು ಬದುಕಿದ ಮೈ. ತೊಡೆಮೂಳೆ ಮುರಿದು ವಾರಗಟ್ಟಲೆ ಮಲಗಿದ್ದರು. ಮೂಳೆ ಕೂಡಿತ್ತು, ಕಾಲು ಮಾತ್ರ ನಿಲ್ಲಲು ಒಪ್ಪುತ್ತಿರಲಿಲ್ಲ. "ದಿನಾ ಎಣ್ಣೆ ತಿಕ್ಕಿದ್ದೇನೆ, ಮೇಡಂ," ಎಂದ ಮಗ. "ವಯಸ್ಸಾಯಿತಮ್ಮ, ಬಿಡಿ," ಎಂದರು ತಂದೆ.

ವಯಸ್ಸಲ್ಲ ತಾತ, ಎಂದು ಅವರಿಗೆ ಗಗನಯಾತ್ರಿಗಳ ಕಥೆ ಹೇಳಿದೆ. 1970ರಲ್ಲಿ ಸೋಯುಜ್-9 ನೌಕೆಯಲ್ಲಿ ಸುಮಾರು 18 ದಿನ ಇದ್ದು ಇಳಿದ ನಿಕೊಲಾಯೆವ್, ಸೆವಸ್ತ್ಯಾನೊವ್ ಇಬ್ಬರೂ ಗಟ್ಟಿಮುಟ್ಟಾದವರೇ. ಆದರೂ ನೆಟ್ಟಗೆ ನಿಲ್ಲಲು ಒದ್ದಾಡಿದರು.

ನೆಲದ ಮೇಲೆ ನಾವು ಸುಮ್ಮನೆ ನಿಂತಾಗಲೂ ಮೀನಖಂಡ, ತೊಡೆ, ಬೆನ್ನು ದುಡಿಯುತ್ತಲೇ ಇರುತ್ತವೆ. ಕಕ್ಷೆಯಲ್ಲಿ ನೌಕೆಯೂ ಮನುಷ್ಯನೂ ಒಟ್ಟಿಗೇ ಬೀಳುತ್ತಿರುವುದರಿಂದ ಪಾದಕ್ಕೆ ಭಾರವೇ ತಾಗುವುದಿಲ್ಲ. ಕೆಲಸವಿಲ್ಲದ ಸ್ನಾಯುವನ್ನು ದೇಹ ಕರಗಿಸತೊಡಗುತ್ತದೆ. ಬೆನ್ನುಹುರಿಯಿಂದ ಹೊರಡುವ ನರದ ಆಜ್ಞೆಯೂ ಸಡಿಲವಾಗುತ್ತದೆ. ಹಾಗಾಗಿ ಸ್ನಾಯು ಸಣ್ಣಗಾಗುವುದಕ್ಕಿಂತ ಬಲ ಕುಸಿಯುವುದೇ ಹೆಚ್ಚು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳು ಕಳೆದ 9 ಮಂದಿಯನ್ನು ಪರೀಕ್ಷಿಸಿದಾಗ ಮೀನಖಂಡದ ಗಾತ್ರ ಶೇ 13ರಷ್ಟು, ಅದರ ಗರಿಷ್ಠ ಶಕ್ತಿ ಶೇ 32ರಷ್ಟು ಇಳಿದಿತ್ತು.

ಅವರೇನೂ ಸುಮ್ಮನೆ ಕುಳಿತಿರಲಿಲ್ಲ. ಓಡುತ್ತಿದ್ದರು, ಸೈಕಲ್ ತುಳಿಯುತ್ತಿದ್ದರು. ಕೊರತೆಯಿದ್ದದ್ದು ಭಾರೀ ಹೊರೆಯದು. ಅಲ್ಲಿ ಕಬ್ಬಿಣದ ಗುಂಡಿಗೂ ತೂಕವಿಲ್ಲವಲ್ಲ! 2008ರಲ್ಲಿ ಅಲ್ಲಿಗೆ ಹೋದ ಹೊಸ ಯಂತ್ರದಲ್ಲಿ ಗಾಳಿ ತೆಗೆದ ಸಿಲಿಂಡರುಗಳು ಎಳೆತಕ್ಕೆ ಎದುರು ನಿಲ್ಲುತ್ತವೆ. ಸುಮಾರು 270 ಕಿಲೋವರೆಗೆ ಹೊರೆ ಕೊಟ್ಟುಕೊಂಡು ಬಸ್ಕಿ ಹೊಡೆಯಬಹುದು, ಹಿಮ್ಮಡಿ ಎತ್ತಬಹುದು. ದಿನಕ್ಕೆ ಎರಡು ಗಂಟೆಯಷ್ಟು ಸಮಯ ವ್ಯಾಯಾಮಕ್ಕೇ ಮೀಸಲು. ನನ್ನ ದೃಷ್ಟಿಯಲ್ಲಿ ಇಷ್ಟು ವರ್ಷಗಳಲ್ಲಿ ಅವರು ಕಲಿತ ದೊಡ್ಡ ಪಾಠ ಇದೇ: ಕೈಕಾಲು ಆಡಿಸಿದರೆ ಸಾಲದು, ಹೊರೆ ಬೀಳಬೇಕು.

ಸಮತೋಲನದ ಕಥೆ ಬೇರೆ. ತಲೆ ಯಾವ ಕಡೆ ವಾಲಿದೆ ಎಂದು ಮೆದುಳಿಗೆ ಸುದ್ದಿ ಕೊಡುವ ಒಳಕಿವಿಯ ಸಣ್ಣ ಹರಳುಗಳಿಗೂ ಅಲ್ಲಿ ತೂಕ ತಪ್ಪುತ್ತದೆ, ಮೆದುಳು ಆ ಸುದ್ದಿಯನ್ನು ನಂಬುವುದನ್ನು ಬಿಡುತ್ತದೆ. ಇಳಿದವರು ತೂರಾಡುವುದು ಅದಕ್ಕೇ. ಅದನ್ನು ನೆಲದ ಮೇಲೆಯೇ ಮತ್ತೆ ಕಲಿಯಬೇಕು. ನಾಸಾ ಇದಕ್ಕೆಲ್ಲ 45 ದಿನಗಳ ತರಬೇತಿ ಇಟ್ಟಿದೆ.

ಎಣ್ಣೆ ತಿಕ್ಕಿದ್ದು ಪ್ರೀತಿಯಿಂದಲೇ, ಆದರೆ ತಿಕ್ಕಿದ ಕಾಲಿಗೆ ಭಾರ ಬಿದ್ದಿರಲಿಲ್ಲ. ಆ ದಿನ ತಾತ ಮೇಜು ಹಿಡಿದು, ಮಗನ ಆಸರೆಯಲ್ಲಿ ಐದು ಸಲ ಹಿಮ್ಮಡಿ ಎತ್ತಿದರು. ಆರನೆಯದಕ್ಕೆ ಕಾಲು ನಡುಗಿತು. "ನಾಳೆ ಆರು," ಎಂದು ಅವರೇ ಹೇಳಿ ಹೋದರು.